ಕನ್ನಡದ ಇಮೇಲ್ ವಿಳಾಸ ಎಲ್ಲಿ ಸಿಕ್ಕಿಕೊಂಡಿದೆ?

ಕನ್ನಡದಲ್ಲಿ ಮೇಲ್ ಬರೆಯುವುದು ಈಗ ದೊಡ್ಡ ವಿಷಯವೇನಲ್ಲ. ಆದರೆ ವಿಳಾಸವೇ ಕನ್ನಡದಲ್ಲಿರಬೇಕು, @ ಚಿಹ್ನೆಯ ಎರಡೂ ಕಡೆ ನಮ್ಮ ಅಕ್ಷರವೇ ಬೇಕು ಅಂದರೆ? ಅದಕ್ಕೆ ಬೇಕಾದ ನಿಯಮ 2012ರಲ್ಲೇ ಬಂತು. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲ್ ಸರ್ವರ್‌ಗಳಲ್ಲಿ ಸೌಲಭ್ಯವೂ ಬಂತು. ಆದರೂ ಅಂಥ ವಿಳಾಸವನ್ನು ನೆಚ್ಚಿಕೊಂಡು ಅರ್ಜಿಯಲ್ಲಿ ಬರೆಯುವ ಧೈರ್ಯ ಇನ್ನೂ ಬರುವುದಿಲ್ಲ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1982ರಲ್ಲಿ, ಸರ್ವರ್‌ಗಳು ಒಂದಕ್ಕೊಂದು ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ ಬಂತು, ಮರುವರ್ಷ ಬರ್ಕ್ಲಿಯ ಬಿಎಸ್‌ಡಿ ಯುನಿಕ್ಸ್ ಜೊತೆ ಎರಿಕ್ ಆಲ್ಮನ್ ಬರೆದ, ಮೇಲ್ ಸಾಗಿಸುವ ಸಾಫ್ಟ್‌ವೇರ್ ಸೆಂಡ್‌ಮೇಲ್ ಬಂತು, 1990ರ ದಶಕದಲ್ಲಿ ಅದೇ ಕೆಲಸದ ಎಕ್ಸಿಮ್, ಕ್ಯೂಮೇಲ್, ಪೋಸ್ಟ್‌ಫಿಕ್ಸ್ ಬಂದವು. ಮೂಲ ನಿಯಮ ಮಾತ್ರ 7 ಬಿಟ್‌ನದು. ಅಂದರೆ 128 ಗುರುತುಗಳು, ಅಷ್ಟೇ. ಇಂಗ್ಲಿಷ್‌ಗೆ ಧಾರಾಳವಾಗಿ ಸಾಕು, ಬೇರೆಯವರಿಗೆ ಜಾಗವೇ ಇಲ್ಲ.

1992ರ ಮೈಮ್ ಎಂಬ ನಿಯಮ ಒಂದು ದಾರಿ ತೋರಿಸಿತು. ಬೇರೆ ಲಿಪಿಯನ್ನು ಇಂಗ್ಲಿಷ್ ಅಕ್ಷರ, ಅಂಕಿಗಳ ವೇಷದಲ್ಲಿ ಕಳಿಸುವ ದಾರಿ. ಇವತ್ತಿಗೂ ಮೇಲ್‌ನ ವಿಷಯದ ಸಾಲಿನಲ್ಲಿ 'ಕ' ಅಂತ ಬರೆದರೆ, ಬೇಸ್64 ರೂಪದಲ್ಲಿ ಅದು '4, ಎಲ್, ಕೆ, ವಿ' ಎಂಬ ನಾಲ್ಕು ಗುರುತುಗಳಾಗಿ ಹೋಗುತ್ತದೆ. ಆ ಕಡೆಯ ಸಾಫ್ಟ್‌ವೇರ್ ಅದನ್ನು ಬಿಡಿಸಿ ಮತ್ತೆ 'ಕ' ಮಾಡುತ್ತದೆ. ಪತ್ರಕ್ಕೆ ಹೀಗೆ ಕನ್ನಡ ಸಿಕ್ಕಿತು. ಲಕೋಟೆ ಮೇಲಿನ ವಿಳಾಸಕ್ಕೆ ಸಿಗಲಿಲ್ಲ.

1993ರಲ್ಲಿ ಇನ್ನೊಂದು ಒಳ್ಳೆಯ ಬದಲಾವಣೆ ಆಯಿತು. ಒಂದು ಸರ್ವರ್ ಇನ್ನೊಂದಕ್ಕೆ 'ಇಹೆಲೊ' ಅಂತ ನಮಸ್ಕಾರ ಹೇಳಿದರೆ, ಅದು ತನಗೆ ಏನೇನು ಬರುತ್ತದೆ ಅನ್ನುವ ಪಟ್ಟಿಯನ್ನೇ ಕೊಡುತ್ತದೆ. ಇಷ್ಟು ದೊಡ್ಡ ಮೇಲ್ ತೆಗೆದುಕೊಳ್ಳುತ್ತೇನೆ, 8 ಬಿಟ್ ಆದರೂ ಪರವಾಗಿಲ್ಲ, ಹೀಗೆ. ಮುಂದೆ ಕನ್ನಡ ವಿಳಾಸಕ್ಕೆ ಬಾಗಿಲು ತೆರೆದದ್ದು ಇದೇ ಪಟ್ಟಿ.

ವಿಳಾಸದ ಬಲಗಡೆಯ ಡೊಮೈನ್ ಹೆಸರಿಗೆ 2003ರಲ್ಲೇ ಪ್ಯೂನಿಕೋಡ್ ಎಂಬ ಉಪಾಯ ಸಿಕ್ಕಿತ್ತು. ಕನ್ನಡ ಲಿಪಿಯ '.ಭಾರತ' ಒಳಗೊಳಗೆ ಇಂಗ್ಲಿಷ್ ಅಕ್ಷರಗಳಾಗಿಯೇ ಓಡಾಡುತ್ತದೆ. ಎಡಗಡೆಗೆ ಈ ಉಪಾಯ ನಡೆಯುವುದಿಲ್ಲ. ಎಡಗಡೆಯ ಹೆಸರಿನ ಅರ್ಥ ಅದನ್ನು ಪಡೆಯುವ ಸರ್ವರ್‌ಗೆ ಮಾತ್ರ ಗೊತ್ತು, ನಡುವೆ ಬರುವ ಯಾರೂ ಅದನ್ನು ಮುಟ್ಟುವಂತಿಲ್ಲ ಅನ್ನುವುದು ಮೊದಲಿನಿಂದ ಇರುವ ನಿಯಮ. 2008ರಲ್ಲಿ ಒಂದು ಪ್ರಯೋಗ ನಡೆಯಿತು. ಪ್ರತಿ ವಿಳಾಸದ ಜೊತೆ ಬದಲಿಗೆ ಒಂದು ಇಂಗ್ಲಿಷ್ ವಿಳಾಸವನ್ನೂ ಹೊತ್ತುಕೊಂಡು ಹೋಗಬಹುದು, ದಾರಿಯಲ್ಲಿ ಹಳೆಯ ಸರ್ವರ್ ಸಿಕ್ಕರೆ ಅದನ್ನು ಬಳಸಬಹುದು ಅಂತ. ತೊಡಕು ಜಾಸ್ತಿಯಾಯಿತು, 2012ರ ನಿಯಮದಲ್ಲಿ ಅದನ್ನು ಬಿಟ್ಟರು. ಈಗ ಇರುವುದು ನೇರ ಲೆಕ್ಕ. ಮುಂದಿನ ಸರ್ವರ್ ತನ್ನ ಪಟ್ಟಿಯಲ್ಲಿ, ಬೇರೆ ಲಿಪಿಯ ವಿಳಾಸವೂ ನಡೆಯುತ್ತದೆ ಅನ್ನುವ ಅರ್ಥದ 'ಎಸ್‌ಎಂಟಿಪಿ-ಯುಟಿಎಫ್8' ಎಂದು ಹೇಳಿದರೆ ಮೇಲ್ ಹೋಗುತ್ತದೆ, ಹೇಳದಿದ್ದರೆ ಕಳಿಸಿದವರಿಗೇ ವಾಪಸ್ ಬರುತ್ತದೆ.

ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ. ಆದರೆ ಅದರ ಭಾರ ಬಿದ್ದದ್ದು ಹೊಸ ವಿಳಾಸ ಇಟ್ಟುಕೊಂಡವರ ಮೇಲೆ, ಹಳೆಯ ಸರ್ವರ್ ನಡೆಸುವವರ ಮೇಲಲ್ಲ.

ಜಿಮೇಲ್ 2014ರಲ್ಲಿ ಇಂಥ ವಿಳಾಸಗಳಿಗೆ ಮೇಲ್ ಕಳಿಸಲು, ಅವುಗಳಿಂದ ಪಡೆಯಲು ಶುರುಮಾಡಿತು. 2015ರ ಫೆಬ್ರವರಿಯಲ್ಲಿ ಪೋಸ್ಟ್‌ಫಿಕ್ಸ್ 3.0 ಬಂತು, ಅದರಲ್ಲಿ ಈ ಸೌಲಭ್ಯ ಸೇರಿತ್ತು. ಎಕ್ಸಿಮ್‌ನಲ್ಲೂ ಬಂತು. ಸೆಂಡ್‌ಮೇಲ್‌ನಲ್ಲಿ 2021ರಲ್ಲಿ, ಅದೂ ಪ್ರಯೋಗದ ರೂಪದಲ್ಲಿ. ಕ್ಯೂಮೇಲ್‌ನ ಮೂಲ ಆವೃತ್ತಿ 1998ಕ್ಕೇ ನಿಂತುಹೋಗಿತ್ತು.

ಪೋಸ್ಟ್‌ಫಿಕ್ಸ್‌ನಲ್ಲಿ ಒಂದು ಸಣ್ಣ ವಿಷಯವಿದೆ, ಅದನ್ನು ಹೇಳಲೇಬೇಕು. ಹಳೆಯ ಸೆಟ್ಟಿಂಗ್ ಇಟ್ಟುಕೊಂಡೇ ಹೊಸ ಆವೃತ್ತಿಗೆ ಬಂದವರಿಗೆ ತೊಂದರೆ ಆಗಬಾರದು ಅಂತ, 'ಕಂಪ್ಯಾಟಿಬಿಲಿಟಿ ಲೆವೆಲ್' ಸೊನ್ನೆಯಲ್ಲಿದ್ದರೆ ಈ ಸೌಲಭ್ಯ ಆಫ್ ಆಗಿರುತ್ತದೆ. ಆ ಕಾಳಜಿ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಒಂದೇ ಮೇನ್.ಸಿಎಫ್ ಎಂಬ ಸೆಟ್ಟಿಂಗ್ ಕಡತವನ್ನು ಸರ್ವರ್‌ನಿಂದ ಸರ್ವರ್‌ಗೆ ಹೊತ್ತುಕೊಂಡು ಬಂದವರಲ್ಲಿ ಸಾಫ್ಟ್‌ವೇರ್ ಹೊಸದು, ಬಾಗಿಲು ಮಾತ್ರ ಹಳೆಯದು. ಲಾಗ್‌ನಲ್ಲಿ ಈ ಬಗ್ಗೆ ಒಂದು ಸಾಲು ಬರುತ್ತದೆ ನಿಜ, ಅದನ್ನು ಓದುವವರು ಬೇಕಲ್ವಾ? ಸರ್ವರ್‌ಗಳನ್ನು ದಾಟಿದ ಮೇಲೂ ವೆಬ್ ಅರ್ಜಿಗಳಿವೆ. ಇಮೇಲ್ ಕಾಲಂನಲ್ಲಿ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಒಪ್ಪುವ ತಪಾಸಣೆ ಎಷ್ಟೋ ಕಡೆ ಹಾಗೇ ಉಳಿದಿದೆ.

ನಮ್ಮ ಲಿಪಿಗೇ ಸೇರಿದ ತೊಡಕುಗಳೂ ಇವೆ. 'ಕೊ' ಅನ್ನು, ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಇದನ್ನು ಸರಿಪಡಿಸುವ ಸಿದ್ಧ ನಿಯಮ ಇದೆ. ಆದರೆ 'ಸುರೇಶ್' ಅಂತ ಟೈಪ್ ಮಾಡಿದಾಗ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಗುರುತು, ಜೀರೊ ವಿಡ್ತ್ ನಾನ್ ಜಾಯ್ನರ್, ಸೇರಿಕೊಂಡಿರಬಹುದು. ಆ ನಿಯಮ ಅದನ್ನು ತೆಗೆಯುವುದಿಲ್ಲ. ಹಾಗಾಗಿ ಸರ್ವರ್‌ಗೆ ಆ ಗುರುತು ಇರುವವರು, ಇಲ್ಲದವರು ಇಬ್ಬರು ಬೇರೆ ಬೇರೆ ಸುರೇಶರು, ಒಬ್ಬರಿಗೆ ಮೇಲ್ ಬರುತ್ತದೆ, ಇನ್ನೊಬ್ಬರ ಹೆಸರಿನಲ್ಲಿ ಬಂದದ್ದು 'ಅಂಥವರು ಇಲ್ಲ' ಅಂತ ವಾಪಸ್ ಹೋಗುತ್ತದೆ. ಕನ್ನಡ ವಿಳಾಸ ಕೊಡಲು ಹೊರಟವರು ಸದ್ಯಕ್ಕೆ ಮಾಡಬಹುದಾದದ್ದು ಯಾವ ಹೆಸರಿನ ಮೇಲ್ ಯಾವ ಪೆಟ್ಟಿಗೆಗೆ ಹೋಗಬೇಕು ಅನ್ನುವ ಅಲಿಯಾಸ್ ಪಟ್ಟಿಯಲ್ಲಿ ಎರಡೂ ರೂಪ ಬರೆದಿಡುವುದು, ಜೊತೆಗೆ ಇಂಗ್ಲಿಷ್ ಅಕ್ಷರದ ಮೂರನೆಯದನ್ನೂ ಸೇರಿಸಿ ಮೂರನ್ನೂ ಒಂದೇ ಪೆಟ್ಟಿಗೆಗೆ ಕಳಿಸುವುದು.