ಹಂಚಿನ ಮುಂದೆ ನಿಂತವ್ರು, ಗೋಡೆ ಹಿಂದೆ ಕೂತವ್ರು

ಬೆಣ್ಣೆದೋಸೆ ತಿನ್ನೋಕೆ ಹೋದ್ರೆ ನಾನು ಹಂಚು ಕಾಣೋ ಬೆಂಚಲ್ಲೇ ಕೂರೋದು. ಸೌದೆ ಒಲೆ, ಅಗಲವಾದ ಕಬ್ಬಿಣದ ಹಂಚು, ಅದರ ಮೇಲೆ ಒಂದೇ ಸಲಕ್ಕೆ ಏಳೆಂಟು ದೋಸೆ. ಹುಯ್ಯೋ ಅಣ್ಣ ಬೆಳಿಗ್ಗೆಯಿಂದ ಹೊಗೆಯಲ್ಲಿ ನಿಂತೇ ಇರ್ತಾನೆ, ಆದ್ರೂ ಬೆಣ್ಣೆ ಎತ್ತಿ ಹಾಕುವಾಗ ಒಂದ್ಸಲ ತಲೆ ಎತ್ತಿ ಯಾರ ಪ್ಲೇಟಿಗೆ ಹೋಗ್ತೈತೆ ಅಂತ ನೋಡ್ತಾನೆ, ತಿಂದವ್ರು ಕೈ ತೊಳ್ಕೊಂಡು ಹೋಗ್ತಾ "ಅಣ್ಣ ಇವತ್ತು ಭಾಳ ಚೆನ್ನಾಗಿತ್ತು" ಅಂದ್ರೆ ಅವನ ಮುಖ ನೋಡ್ಬೇಕು ನೀವು.

ನಾನು ಇದೇ ದಾವಣಗೆರೆಯ ಒಂದು ಡಯಾಗ್ನೋಸ್ಟಿಕ್ ಲ್ಯಾಬಲ್ಲಿ ಟೆಕ್ನಿಷಿಯನ್. ಎಸಿ ರೂಮು, ಕುರ್ಚಿ, ತಿಂಗಳಾದ್ರೆ ಸಂಬಳ. ಆದ್ರೂ ತುಂಬಾ ವರ್ಷ ಭಾನುವಾರ ಸಂಜೆ ಆಗ್ತಿದ್ದಂಗೆ ಹೊಟ್ಟೇಲಿ ಏನೋ ಭಾರ. ಇಂಕ್ರಿಮೆಂಟ್ ಬಂದ್ರೆ ಸರಿಹೋಗ್ತೈತೆ ಅನ್ಕೊಂಡಿದ್ದೆ, ಬಂತು, ಎರಡು ತಿಂಗಳು ಖುಷಿಯಾಗಿದ್ದೆ, ಮೂರನೇ ತಿಂಗಳಿಗೆ ಅದು ಬರೀ ಸಂಬಳ. ಮಿದುಳಲ್ಲಿ ಡೋಪಮೈನ್ ಅನ್ನೋ ಸಂದೇಶ ಸಾಗಿಸೋ ರಾಸಾಯನಿಕ ಬಿಡೋ ಕೋಶಗಳನ್ನ ಸ್ಟಡಿ ಮಾಡಿದ ವೋಲ್ಫ್ರಮ್ ಶುಲ್ಟ್ಸ್ 1990ರ ದಶಕದಲ್ಲಿ ಕೋತಿಗಳಲ್ಲಿ ಇಂಥದ್ದೇ ಒಂದು ವಿಷಯ ಕಂಡ್ರು: ಅನಿರೀಕ್ಷಿತವಾಗಿ ಜ್ಯೂಸ್ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿಯುತ್ವೆ, ಬರೋದು ಗ್ಯಾರಂಟಿ ಅಂತ ಗೊತ್ತಾದ್ಮೇಲೆ ಅದೇ ಜ್ಯೂಸ್ ಸಿಕ್ಕರೂ ಹೆಚ್ಚುಕಡಿಮೆ ಸುಮ್ನಿರ್ತಾವೆ.

ಹಂಗಾದ್ರೆ ದೋಸೆ ಅಣ್ಣಂಗೆ ದಿನಾ ಸಿಗೋದೇನು? ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರಯಾನ್ ಬ್ಯೂಯೆಲ್ ಮತ್ತೆ ಜೊತೆಯವ್ರು ಒಂದು ಕೆಫೆಟೇರಿಯಾದಲ್ಲಿ ವಿಡಿಯೋ ಕಾಲ್ ಇಟ್ಟು ಪರೀಕ್ಷೆ ಮಾಡಿದ್ರು. ಅಡುಗೆಯವ್ರಿಗೆ ಗಿರಾಕಿಗಳ ಮುಖ ಕಾಣೋ ಹಂಗೆ ಮಾಡಿದ್ರೆ ಸಾಕು, ಗಿರಾಕಿಗಳಿಗೆ ಅವ್ರು ಕಾಣದಿದ್ರೂ ಊಟದ ತೃಪ್ತಿ ಸುಮಾರು 10% ಜಾಸ್ತಿ ಆಯ್ತು, ಇಬ್ರಿಗೂ ಒಬ್ರಿಗೊಬ್ರು ಕಂಡಾಗ 17% ದಾಟಿತು. ನಮ್ಮೂರ ದೋಸೆ ಅಂಗಡಿಗಳಲ್ಲಿ ಹಂಚು ಮುಂದೆ ಇಡೋದು ಯಾರ ರಿಸರ್ಚೂ ನೋಡಿ ಅಲ್ಲ, ಆದ್ರೆ ವಿಷಯ ಅದೇ.

ನನಗಿದು ಅರ್ಥ ಆಗಿದ್ದು ಒಂದು ಡೆಂಗ್ಯೂ ಸೀಸನ್ನಲ್ಲಿ. ನಮಗೆ ಬರೋದು ನೇರಳೆ ಮುಚ್ಚಳದ ಟ್ಯೂಬು, ಮೇಲೊಂದು ಬಾರ್‌ಕೋಡು ಅಷ್ಟೇ. ಒಂದು ಟ್ಯೂಬಿನ ಪ್ಲೇಟ್‌ಲೆಟ್ 38,000 ಅಂತ ಮೆಷಿನ್ ತೋರಿಸ್ತು. ಪ್ಲೇಟ್‌ಲೆಟ್‌ಗಳು ಟ್ಯೂಬಲ್ಲೇ ಒಂದಕ್ಕೊಂದು ಅಂಟ್ಕೊಂಡು ಗಂಟಾಗಿದ್ರೆ ಮೆಷಿನ್ ಕಮ್ಮಿ ಎಣಿಸೋದುಂಟು, ಅದಕ್ಕೆ ಒಂದು ಹನಿ ರಕ್ತ ಸ್ಲೈಡ್ ಮೇಲೆ ಎಳ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಲ್ಲಿ ಕಣ್ಣಾರೆ ನೋಡ್ಬೇಕು. ಅಷ್ಟೊತ್ತಿಗೆ ಜಗಳೂರು ಕಡೆಯ ಒಬ್ರು ದಾರಿ ತಪ್ಪಿ ನಮ್ಮ ಬಾಗಿಲಿಗೇ ಬಂದು "ನನ್ನ ಮಗಂದು ರಿಪೋರ್ಟ್ ಆತಾ ಸಾರ್" ಅಂದ್ರು, ಒಂದು ಕೈಯಲ್ಲಿ ಪುಟ್ಟ ಚಪ್ಪಲಿ ಜೋಡಿ ಹಿಡ್ಕೊಂಡಿದ್ರು. ಆ ಸ್ಲೈಡನ್ನ ನಾನು ಅಂಚಿಂದ ಅಂಚಿಗೆ ನೋಡ್ದೆ. ಗಂಟಿರಲಿಲ್ಲ, ನಿಜವಾಗ್ಲೂ ಕಮ್ಮಿನೇ ಇತ್ತು. ಆಮೇಲೆ ದಿನಾ ಆ ಹುಡುಗನ ಟ್ಯೂಬಿಗೆ ನಾನೇ ಕಾಯ್ತಿದ್ದೆ, 52,000 ಆಯ್ತು, 90,000 ದಾಟಿತು, ಮನೆಗೆ ಬಂದು ಹೆಂಡ್ತಿಗೆ ಹೇಳ್ದೆ. ಅಷ್ಟು ವರ್ಷದಲ್ಲಿ ಲ್ಯಾಬಿನ ವಿಷಯ ಮನೇಲಿ ಖುಷಿಯಿಂದ ಹೇಳಿದ್ದು ಅದೇ ಮೊದ್ಲು.

2007ರಲ್ಲಿ ಆಡಮ್ ಗ್ರಾಂಟ್ ಮತ್ತೆ ಸಂಗಡಿಗರು ಪ್ರಕಟಿಸಿದ ಸ್ಟಡಿ ಓದಿದಾಗ ನನಗೆ ಆ ಚಪ್ಪಲಿಗಳೇ ನೆನಪಾದ್ವು. ಅಮೆರಿಕದ ಒಂದು ಯೂನಿವರ್ಸಿಟಿಗೆ ಫೋನಲ್ಲಿ ದೇಣಿಗೆ ಕೇಳೋ ಕೆಲಸದವ್ರು, ದಿನಾ ಬೈಸ್ಕೊಳ್ಳೋ ಕೆಲಸ. ಅವರಲ್ಲಿ ಕೆಲವ್ರಿಗೆ ಆ ದುಡ್ಡಿನ ಸ್ಕಾಲರ್‌ಶಿಪ್ಪಲ್ಲಿ ಓದ್ತಿರೋ ಒಬ್ಬ ವಿದ್ಯಾರ್ಥಿಯನ್ನ ಕೆಲವೇ ನಿಮಿಷ ಭೇಟಿ ಮಾಡ್ಸಿದ್ರು. ಒಂದು ತಿಂಗಳಾದ್ಮೇಲೆ ನೋಡಿದ್ರೆ ಅವರು ಫೋನಲ್ಲಿ ಕಳೆಯೋ ಟೈಮು 142% ಏರಿತ್ತು, ತಂದ ದುಡ್ಡು 171%. ಭೇಟಿ ಇಲ್ದೆ, ಸ್ಕಾಲರ್‌ಶಿಪ್ ಸಿಕ್ಕ ವಿದ್ಯಾರ್ಥಿ ಬರೆದ ಪತ್ರ ಮಾತ್ರ ಓದಿದವ್ರಲ್ಲಿ ಅಂಥ ಬದಲಾವಣೆ ಆಗ್ಲಿಲ್ಲ. ಮುಖ ಕಾಣ್ಬೇಕು.

ಇದನ್ನ ಓದಿ ಯಾವ ಮಾಲೀಕರೂ ಸಂಬಳದ ಬದಲು ಮುಖ ತೋರಿಸ್ತೀನಿ ಅನ್ಬಾರ್ದು. ಬ್ರಿಟನ್ನಿನಲ್ಲಿ 1985ರಲ್ಲಿ ಶುರುವಾದ ಎರಡನೇ ವೈಟ್‌ಹಾಲ್ ಸ್ಟಡಿಯಲ್ಲಿ ಮೈಕೆಲ್ ಮಾರ್ಮಟ್ ತಂಡ 10,308 ಸರ್ಕಾರಿ ನೌಕರರನ್ನ ಗಮನಿಸಿತು, ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವ್ರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ನ್ಯಾಯವಾದ ಕೂಲಿ, ಉಸಿರಾಡೋಕೆ ಬಿಡುವು, ಒಂದಿಷ್ಟು ಸ್ವಾತಂತ್ರ್ಯ, ಇವು ಮೊದಲು ಇರ್ಲೇಬೇಕು.

ನಾನು ಮಾಡಿದ್ದು ಸಣ್ಣದು. ಚೀಟಿ ಮೇಲೆ ವಯಸ್ಸು, ಜ್ವರ ಎಷ್ಟನೇ ದಿನ ಅಂತ ಬರೆದು ಕಳ್ಸಿ ಅಂತ ಫ್ರಂಟ್ ಡೆಸ್ಕಿನವ್ರನ್ನ ಕೇಳ್ಕೊಂಡೆ, ಬರೀತಿದ್ದಾರೆ. ನಿನ್ನೆ ರಾತ್ರಿ ಶಿಫ್ಟಿನ ಕೊನೇ ಟ್ಯೂಬಿನ ಚೀಟೀಲಿ "71 ವರ್ಷ, ನಾಲ್ಕನೇ ದಿನ" ಅಂತಿತ್ತು. ಸ್ಲೈಡ್ ಎಳ್ಕೊಂಡು ಕೂತೆ.