ಪರದೆಯ ಮೇಲಿನ ಎಂಟು ಅಡಿ

ಆಟೊಮೇಷನ್ ಬೇಕೋ ಬೇಡವೋ ಎಂಬ ಚರ್ಚೆ ಕಂಟ್ರೋಲ್ ರೂಮಿನಲ್ಲಿ ಮುಗಿದು ಎಷ್ಟೋ ಕಾಲವಾಯಿತು. ಬಾಯ್ಲರ್ ಹೊತ್ತಿಸುವ ಮುನ್ನ ಕುಲುಮೆಯಲ್ಲಿ ಉಳಿದ ಗ್ಯಾಸನ್ನು ಗಾಳಿ ಊದಿ ಹೊರಹಾಕಬೇಕು, ಅದಕ್ಕೆ ಪರ್ಜ್ ಎನ್ನುತ್ತೇವೆ. ಕೈಯಿಂದಲೇ ಮಾಡುವಾಗ ಅವಸರಕ್ಕೆ ಬಿದ್ದವರು ಆ ಹೊತ್ತನ್ನು ಮೊಟಕು ಮಾಡಿದರೆ ಕುಲುಮೆ ಸಿಡಿಯಬಹುದು. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಬಿಡದ ಸ್ವಯಂಚಾಲಿತ ತಡೆ, ಅಂದರೆ ಇಂಟರ್‌ಲಾಕ್, ಇದ್ದಲ್ಲಿ ಪರ್ಜ್ ಮುಗಿಯದೆ ಬೆಂಕಿ ಹೊತ್ತುವುದೇ ಇಲ್ಲ. ಇಂಥ ಕೆಲಸವನ್ನು ಮತ್ತೆ ಆಪರೇಟರ್ ಕೈಗೆ ಕೊಡಿ ಎಂದರೆ ನಾನಂತೂ ಒಪ್ಪುವುದಿಲ್ಲ.

ಯಂತ್ರ ಟ್ರಿಪ್ ಆಗಿ ತಾನೇ ನಿಂತರೆ ಅಲಾರಂ ಕೂಗುತ್ತದೆ, ಎಲ್ಲರೂ ಎದ್ದು ಓಡುತ್ತಾರೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ತಪ್ಪು ಅಂಕಿಯನ್ನು ಸದ್ದಿಲ್ಲದೆ ತೋರಿಸುತ್ತ ಕೂತ ಟ್ರಾನ್ಸ್‌ಮಿಟರ್, ಅಂದರೆ ಮಟ್ಟ, ಒತ್ತಡಗಳನ್ನು ಅಳೆದು ಪರದೆಗೆ ಕಳಿಸುವ ಉಪಕರಣ.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ ಒಂದು ಘಟಕವನ್ನು ಮತ್ತೆ ಚಾಲೂ ಮಾಡುತ್ತಿದ್ದರು. ಸುಮಾರು 170 ಅಡಿ ಎತ್ತರದ ಟವರಿಗೆ ಗಂಟೆಗಟ್ಟಲೆ ದ್ರವ ಹೋಗುತ್ತಲೇ ಇತ್ತು, ಹೊರಹೋಗುವ ವಾಲ್ವ್ ಮುಚ್ಚಿತ್ತು. ಲೆವೆಲ್ ಟ್ರಾನ್ಸ್‌ಮಿಟರ್ ಅಳೆಯುತ್ತಿದ್ದದ್ದು ತಳದ ಕೆಲವೇ ಅಡಿಗಳನ್ನು. ಅದು ಪೂರ್ತಿ ಮುಳುಗಿದ ಮೇಲೆ, ದ್ರವ ಬಿಸಿಯಾಗಿ ಹಗುರವಾದಂತೆಲ್ಲ, ಅಂಕಿ ಇಳಿಯತೊಡಗಿತು. ಒಳಗೆ ಮಟ್ಟ 150 ಅಡಿ ದಾಟಿದ್ದಾಗ ಪರದೆಯಲ್ಲಿ ಕಾಣುತ್ತಿದ್ದದ್ದು ಎಂಟು ಅಡಿಯ ಆಸುಪಾಸು. ಪ್ರತ್ಯೇಕವಾಗಿದ್ದ ಹೈ ಲೆವೆಲ್ ಅಲಾರಂ ಕೂಡ ಕೂಗಲಿಲ್ಲ. ಉಕ್ಕಿ ಹೊರಬಂದ ದ್ರವಕ್ಕೆ ಬೆಂಕಿ ತಗುಲಿ 15 ಜನ ಸತ್ತರು, 180 ಜನ ಗಾಯಗೊಂಡರು. ಆಯಾಸ, ತರಬೇತಿಯ ಕೊರತೆ, ಕೆಟ್ಟ ನಿರ್ವಹಣೆ ಎಲ್ಲವೂ ಅಲ್ಲಿ ಸೇರಿದ್ದವು. ಆದರೂ ನನ್ನನ್ನು ಕಾಡುವುದು ತನಿಖೆಯಲ್ಲಿ ಹೊರಬಂದ ಒಂದು ಸಣ್ಣ ಸಂಗತಿ: ಒಳಹರಿವು ಒಂದು ಪರದೆಯಲ್ಲಿತ್ತು, ಹೊರಹರಿವು ಇನ್ನೊಂದರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದರೆ ಲೆಕ್ಕ ತಾಳೆಯಾಗುತ್ತಿಲ್ಲವೆಂದು ತಿಳಿಯಲು ಎಂಜಿನಿಯರೇ ಬೇಕಿರಲಿಲ್ಲ.

ಲಿಸಾನ್ ಬೇನ್‌ಬ್ರಿಜ್ ಎಂಬ ಮನಶ್ಶಾಸ್ತ್ರಜ್ಞೆ 1983ರಲ್ಲೇ ಈ ಇಕ್ಕಟ್ಟನ್ನು ಗುರುತಿಸಿದ್ದರು. ಸುಲಭದ ಕೆಲಸ ಯಂತ್ರಕ್ಕೆ ಹೋಗುತ್ತದೆ, ಅದರ ಕೈಲಾಗದ ಕಷ್ಟದ ಗಳಿಗೆ ಮನುಷ್ಯನ ಪಾಲಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಅವನ ಕೈಗೆ ಅಭ್ಯಾಸವೇ ತಪ್ಪಿಹೋಗಿರುತ್ತದೆ.

ಹಾಗಾಗಿ ಪ್ಲಾಂಟ್ ಶಾಂತವಾಗಿರುವ ದಿನ ಒಂದೆರಡು ಲೂಪುಗಳನ್ನು (ಅಳತೆ ನೋಡಿ ವಾಲ್ವನ್ನು ತಾವೇ ಹೊಂದಿಸುವ ನಿಯಂತ್ರಣಗಳನ್ನು) ಮ್ಯಾನುಯಲ್‌ಗೆ ಹಾಕಿ ಆಪರೇಟರುಗಳಿಂದ ನಡೆಸಿ ಎನ್ನುತ್ತೇನೆ, ಸೀನಿಯರ್ ಒಬ್ಬರು ಪಕ್ಕದಲ್ಲಿರಲಿ. ಉತ್ಪಾದನೆ ತುಸು ಏರುಪೇರಾಗುತ್ತದೆ, ಮ್ಯಾನೇಜರುಗಳು ಗೊಣಗುತ್ತಾರೆ. ಗೊಣಗಲಿ. ಇನ್ನು ಎರಡನೆಯ ಟ್ರಾನ್ಸ್‌ಮಿಟರ್ ಹಾಕುವುದಾದರೆ ಬೇರೆ ತತ್ವದ್ದನ್ನು, ಬೇರೆ ಜಾಗದಲ್ಲಿ ಹಾಕಬೇಕು. ಒಂದೇ ಟ್ಯಾಪಿಂಗ್‌ಗೆ, ಅಂದರೆ ಟ್ಯಾಂಕಿನಿಂದ ಉಪಕರಣಕ್ಕೆ ಬರುವ ಸಣ್ಣ ಕೊಳವೆಗೆ, ಎರಡನ್ನೂ ಜೋಡಿಸಿದರೆ, ಅದು ಕಟ್ಟಿಕೊಂಡ ದಿನ ಎರಡೂ ಒಮ್ಮತದಿಂದ ಸುಳ್ಳು ಹೇಳುತ್ತವೆ!

ಹೊಸಬರಿಗೆ ಶಿಫ್ಟ್ ಒಪ್ಪಿಸುವ ಮೊದಲು ಪರದೆಯ ಮೇಲಿನ ಲೆವೆಲ್ ಅಂಕಿಗೆ ಚೀಟಿ ಅಂಟಿಸಿ, ಟ್ಯಾಂಕಿನಲ್ಲಿ ಎಷ್ಟಿರಬಹುದು ಎಂದು ಕೇಳುತ್ತೇನೆ. ಒಳಹರಿವು, ಹೊರಹರಿವು, ತಳದ ಒತ್ತಡ ಮೂರನ್ನೂ ನೋಡಿ ಅಂದಾಜು ಹೇಳಿದರೆ ಸಾಕು. ಚೀಟಿ ಕಿತ್ತು ನೋಡಲು ಕೈಹಾಕಿದವರು ಇನ್ನೊಂದಷ್ಟು ದಿನ ಸೀನಿಯರ್ ಪಕ್ಕದಲ್ಲೇ ಕೂರುತ್ತಾರೆ.