‘ಅಧಿಕಾರಿಗೆ ಮನವಿ ಸಲ್ಲಿಸಿ’: ರಿಟ್ ಆದೇಶವನ್ನು ಓದುವ ಬಗೆ

ಅಧಿಕಾರಿಗಳ ಕ್ರಮದ ವಿರುದ್ಧ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯನ್ನು ‘ಅಧಿಕಾರಿಗೆ ಮನವಿ ಸಲ್ಲಿಸಿ’ ಎಂದು ಹೇಳಿ ‘ಇತ್ಯರ್ಥಪಡಿಸಲಾಗಿದೆ’ ಎಂದರೆ ಗೆಲುವೂ ಅಲ್ಲ, ಸೋಲೂ ಅಲ್ಲ. ಅಧಿಕಾರಿಯ ಬಳಿಗೆ ಕೋರ್ಟ್ ಯಾಕೆ ಕಳಿಸಿತು ಎಂಬುದನ್ನು ಮೊದಲು ಗುರುತಿಸಿ. ಕಾರಣ ಬದಲಾದರೆ ಮುಂದಿನ ದಾರಿಯೂ ಬದಲಾಗುತ್ತದೆ.

ಕಾನೂನಿನಲ್ಲೇ ಮೇಲ್ಮನವಿಗೆ ಅವಕಾಶವಿರುವುದು ಒಂದು ಕಾರಣ. ತಹಶೀಲ್ದಾರರ ಮ್ಯುಟೇಷನ್ (ಭೂದಾಖಲೆಯಲ್ಲಿ ಹಕ್ಕು ಬದಲಾವಣೆ) ಆದೇಶದ ವಿರುದ್ಧ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಆಮೇಲೆ 136(3)ರಡಿ ಜಿಲ್ಲಾಧಿಕಾರಿಗೆ ಪುನರೀಕ್ಷಣೆ ಇದೆ. ಇವನ್ನು ಬಿಟ್ಟು ನೇರವಾಗಿ ಸಂವಿಧಾನದ 226ನೇ ವಿಧಿಯಡಿ (ಹೈಕೋರ್ಟಿನ ರಿಟ್ ಅಧಿಕಾರ) ಬಂದವರನ್ನು ಹೈಕೋರ್ಟ್ ಸಾಮಾನ್ಯವಾಗಿ ವಾಪಸು ಕಳಿಸುತ್ತದೆ. ಇದು ಕೋರ್ಟ್ ತಾನೇ ಹಾಕಿಕೊಂಡ ಸಂಯಮ, ಅಧಿಕಾರವಿಲ್ಲವೆಂದಲ್ಲ. ಮೂಲಭೂತ ಹಕ್ಕಿನ ಜಾರಿ, ಸಹಜ ನ್ಯಾಯದ ಉಲ್ಲಂಘನೆ (ಅಹವಾಲು ಕೇಳದೆ ತೀರ್ಮಾನಿಸುವಂಥದ್ದು), ಅಧಿಕಾರವ್ಯಾಪ್ತಿಯೇ ಇಲ್ಲದ ಆದೇಶ, ಕಾಯ್ದೆಯ ಸಿಂಧುತ್ವದ ಪ್ರಶ್ನೆ: ಈ ನಾಲ್ಕಕ್ಕೆ ವಿನಾಯಿತಿ ಉಂಟೆಂದು ಸುಪ್ರೀಂ ಕೋರ್ಟಿನ ವರ್ಲ್‌ಪೂಲ್ ಪ್ರಕರಣ (1998) ಹೇಳುತ್ತದೆ.

ಮನವಿ ಕೊಟ್ಟರೂ ಅಧಿಕಾರಿ ಸುಮ್ಮನಿರುವುದು ಇನ್ನೊಂದು ಕಾರಣ. ಪರಮಾದೇಶ (ಕರ್ತವ್ಯ ಮಾಡುವಂತೆ ಅಧಿಕಾರಿಗೆ ಕೋರ್ಟ್ ಕೊಡುವ ಆದೇಶ) ಬೇಕಿದ್ದರೆ ಮೊದಲು ಕೇಳಿರಬೇಕು, ಅವರು ನಿರಾಕರಿಸಿರಬೇಕು ಇಲ್ಲವೇ ಉತ್ತರ ಕೊಡದೆ ಕೂತಿರಬೇಕು. ಹಾಗಾಗಿ ಮನವಿಯ ಎರಡನೇ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು, ದಿನಾಂಕ ಇರಲೇಬೇಕು. ಅದಿಲ್ಲದ ಅರ್ಜಿ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ಇಂಥ ಅರ್ಜಿಯಲ್ಲಿ ಬರುವ ‘ಪರಿಗಣಿಸಿ’ ಎಂಬ ಆದೇಶವನ್ನು ‘ಮಂಜೂರು ಮಾಡಿ’ ಎಂದು ಓದಿಕೊಳ್ಳುವುದೇ ದೊಡ್ಡ ತಪ್ಪು. ಅರ್ಹತೆಯ ಬಗ್ಗೆ ಕೋರ್ಟ್ ಏನೂ ಹೇಳದಿದ್ದರೆ ಅಧಿಕಾರಿ ಕಾರಣ ಕೊಟ್ಟು ತಿರಸ್ಕರಿಸಬಹುದು. ಆಗ ಕೋರ್ಟ್ ಆದೇಶ ಪಾಲಿಸಿಲ್ಲವೆಂಬ ನಿಂದನಾ ಅರ್ಜಿ ನಿಲ್ಲುವುದಿಲ್ಲ. ತಿರಸ್ಕರಿಸಿದ ಆ ಹಿಂಬರಹವನ್ನೇ (ಅಧಿಕಾರಿಯ ಲಿಖಿತ ಉತ್ತರ) ಪ್ರಶ್ನಿಸಬೇಕು. ಕಾಲ ಮೀರಿ ಹಳಸಿದ ಹಕ್ಕಿಗೂ ‘ಪರಿಗಣಿಸಿ’ ಆದೇಶದಿಂದ ಜೀವ ಬರುವುದಿಲ್ಲ: ವಿಳಂಬವನ್ನು ಮೂಲ ವ್ಯಾಜ್ಯಕಾರಣದಿಂದಲೇ (ತಕರಾರು ಮೊದಲು ಹುಟ್ಟಿದಾಗಿನಿಂದಲೇ) ಲೆಕ್ಕ ಹಾಕಬೇಕೆಂಬುದು ಸುಪ್ರೀಂ ಕೋರ್ಟಿನ ಸಿ. ಜೇಕಬ್ (2008), ಎಂ.ಕೆ. ಸರ್ಕಾರ್ (2010) ತೀರ್ಪುಗಳ ಸಾರ.

ಅಧಿಕಾರಿಯ ನಿರ್ಧಾರಕ್ಕೆ ಕೋರ್ಟ್ ಕೊಡುವ ಗಡುವು ಬಹುತೇಕ ‘ಆದೇಶದ ಪ್ರತಿ ತಲುಪಿದ ದಿನದಿಂದ’ ಎಂದಿರುತ್ತದೆ. ದೃಢೀಕೃತ ಪ್ರತಿಗೆ ಹಳೆಯ ಮನವಿಯನ್ನೂ ಲಗತ್ತಿಸಿ, ಅಧಿಕಾರಿಗೆ ನೀವೇ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಗಡುವು ಶುರುವೇ ಆಗದು. ಗಡುವು ಮೀರಿಯೂ ನಿರ್ಧಾರ ಬರದಿದ್ದರೆ ನಿಂದನಾ ಅರ್ಜಿಗೆ ನ್ಯಾಯಾಂಗ ನಿಂದನೆ ಕಾಯ್ದೆ, 1971ರ ಕಲಂ 20ರಂತೆ 1 ವರ್ಷದ ಮಿತಿ.

ಮೇಲ್ಮನವಿಗೆ ಕಳಿಸಿದ್ದರೆ, ರಿಟ್‌ನಲ್ಲಿ ಕಳೆದ ಕಾಲವನ್ನು ಕಾಲಮಿತಿಯಿಂದ ಬಿಡುವಂತೆ ಕೋರುವ ಸ್ವಾತಂತ್ರ್ಯವನ್ನು ಅದೇ ಆದೇಶದಲ್ಲಿ ಬರೆಸಿಕೊಳ್ಳಿ. ಆಮೇಲೆ ಉಪವಿಭಾಗಾಧಿಕಾರಿಯ ಮುಂದೆ ವಿಳಂಬ ಮನ್ನಾ ಕೇಳುವಾಗ ಆ ಒಂದು ಸಾಲು ಕೈಯಲ್ಲಿರಬೇಕು.